ಆನ್‌ಲೈನ್ ಡಾಕ್ಟರೇಟ್‌ಗೆ ಸೇರುವ ಮೊದಲು ಗೈಡ್ ಯಾರೆಂದು ವಿಚಾರಿಸಿ

ನನ್ನ ಥೀಸಿಸ್‌ನ ಮೂರನೇ ಗೈಡ್, ಅಂದರೆ ಮಾರ್ಗದರ್ಶಕರು, ಯಾರೆಂದು ನನಗೆ ಗೊತ್ತಾದದ್ದು ವಿಶ್ವವಿದ್ಯಾಲಯದ ಸಾಫ್ಟ್‌ವೇರ್ ತಾನಾಗಿಯೇ ಕಳಿಸಿದ ಒಂದು ಇಮೇಲ್‌ನಿಂದ. ಮೊದಲನೆಯವರು ಬೇರೆ ಕೆಲಸ ಸಿಕ್ಕಿತೆಂದು ಹೋದರು. ಎರಡನೆಯವರ ಗುತ್ತಿಗೆ ಮುಂದುವರಿಯಲಿಲ್ಲ. ಅದನ್ನು ಅವರೇ ಬೇಸರದಿಂದ ಬರೆದು ತಿಳಿಸಿದ್ದರು. ಅಷ್ಟರಲ್ಲಿ ನಾನು ಎಜುಕೇಷನ್ ಡಾಕ್ಟರೇಟ್‌ನ ನಾಲ್ಕನೇ ವರ್ಷದಲ್ಲಿದ್ದೆ. ಮೊದಲ ಗೈಡ್ ಒಪ್ಪಿದ್ದ ಸಂಶೋಧನಾ ವಿಧಾನವನ್ನು ಎರಡನೆಯವರು ಒಪ್ಪಿರಲಿಲ್ಲ, ಹಾಗಾಗಿ ಒಂದು ಅಧ್ಯಾಯವನ್ನು ಪೂರ್ತಿ ಮತ್ತೆ ಬರೆದಿದ್ದೆ. ಆ ತಿಂಗಳುಗಳ ಫೀಸನ್ನು ಕಟ್ಟಿದವಳು ನಾನೇ.

ಅಮೆರಿಕದಲ್ಲಿ ಕೆಲಸ ಮಾಡುತ್ತ ಆನ್‌ಲೈನ್ ಡಾಕ್ಟರೇಟ್ ಮಾಡಬೇಕೆನ್ನುವ ನಮ್ಮ ಕನ್ನಡದ ನರ್ಸ್‌ಗಳು, ಟೀಚರ್‌ಗಳು, ಐಟಿ ಮ್ಯಾನೇಜರ್‌ಗಳು ನನಗೆ ಫೋನ್ ಮಾಡುತ್ತಾರೆ. ಫೀಸ್ ಎಷ್ಟು, ಎಷ್ಟು ವರ್ಷ, ಕ್ಯಾಂಪಸ್ಸಿಗೆ ಹೋಗಬೇಕಾ ಎಂದು ಕೇಳುತ್ತಾರೆ. ನನ್ನ ಥೀಸಿಸ್ ಓದುವವರು ಯಾರು, ಅವರಿಗೆ ಆ ಕೆಲಸಕ್ಕೆ ಸಂಬಳ ಹೇಗೆ ಕೊಡುತ್ತಾರೆ, ಮೂರು ವರ್ಷ ಕಳೆದರೂ ಅವರು ಅಲ್ಲೇ ಇರುತ್ತಾರಾ ಎಂದು ಇದುವರೆಗೆ ಒಬ್ಬರೂ ಕೇಳಿಲ್ಲ. ನಾನೂ ಕೇಳಿರಲಿಲ್ಲ. ಈ ಲೇಖನ ಬರೆಯುತ್ತಿರುವುದು ಅದಕ್ಕೇ.

ಮೊದಲ ಹೆಜ್ಜೆ: ಈ ಪದವಿ ಎಲ್ಲಿ ಚಲಾವಣೆಯಾಗಬೇಕು?

ಹಣ ಕಟ್ಟುವ ಮೊದಲು ಇದನ್ನು ತೀರ್ಮಾನಿಸಿ. ಅಮೆರಿಕದ ಶಾಲಾ ಜಿಲ್ಲೆಯಲ್ಲಿ ಬಡ್ತಿ, ಆಸ್ಪತ್ರೆಯಲ್ಲಿ ಮೇಲಿನ ಹುದ್ದೆ, ಕಮ್ಯುನಿಟಿ ಕಾಲೇಜಿನಲ್ಲಿ ಪಾಠ ಇಂಥ ಉದ್ದೇಶಗಳಿಗೆ ಮಾನ್ಯತೆ ಇರುವ ಆನ್‌ಲೈನ್ ಡಾಕ್ಟರೇಟ್ ಉಪಯೋಗಕ್ಕೆ ಬರುತ್ತದೆ. ಮಾನ್ಯತೆಯನ್ನು ಅಮೆರಿಕದ ಶಿಕ್ಷಣ ಇಲಾಖೆಯ ಡೇಟಾಬೇಸಿನಲ್ಲಿ ನೀವೇ ಹುಡುಕಿ ನೋಡಿ. ಹೈಯರ್ ಲರ್ನಿಂಗ್ ಕಮಿಷನ್‌ನಂಥ, ಮಾನ್ಯತೆ ಕೊಡುವ ಸಂಸ್ಥೆಯ ಹೆಸರು ಅಲ್ಲಿ ಕಾಣಿಸಬೇಕು. ಅದಕ್ಕೆ ಐದು ನಿಮಿಷ ಸಾಕು. ಆದರೆ ಮಾನ್ಯತೆ ಇದ್ದ ಮಾತ್ರಕ್ಕೆ ಗೈಡ್ ಸಿಗುತ್ತಾರೆಂದು ತಿಳಿಯಬೇಡಿ. ನನ್ನ ವಿಶ್ವವಿದ್ಯಾಲಯಕ್ಕೂ ಮಾನ್ಯತೆ ಇತ್ತು.

ನರ್ಸ್‌ಗಳು ಗಮನಿಸಬೇಕಾದ ಒಂದು ವಿಷಯವಿದೆ. ಡಿಎನ್‌ಪಿ, ಅಂದರೆ ನರ್ಸಿಂಗ್ ವೃತ್ತಿಯ ಡಾಕ್ಟರೇಟ್ ಪದವಿಯ ಕೊನೆಗೆ ಸಾಮಾನ್ಯವಾಗಿ ಇರುವುದು ಆಸ್ಪತ್ರೆಯಲ್ಲೇ ಮಾಡುವ ಒಂದು ಪ್ರಾಜೆಕ್ಟ್, ಐದು ಅಧ್ಯಾಯದ ಥೀಸಿಸ್ ಅಲ್ಲ. ಪಿಎಚ್‌ಡಿ, ಇಡಿಡಿ (ಎಜುಕೇಷನ್ ಡಾಕ್ಟರೇಟ್), ಡಿಬಿಎ (ಬಿಸಿನೆಸ್ ಡಾಕ್ಟರೇಟ್) ಇವುಗಳಲ್ಲಿ ಹೆಚ್ಚಿನ ಕಡೆ ಥೀಸಿಸ್ ಅಥವಾ ಅಷ್ಟೇ ತೂಕದ ಕ್ಯಾಪ್‌ಸ್ಟೋನ್, ಅಂದರೆ ಕೊನೆಯ ಪ್ರಾಜೆಕ್ಟ್, ಇರುತ್ತದೆ. ಈ ಲೇಖನ ಮುಖ್ಯವಾಗಿ ಅವುಗಳನ್ನು ಮಾಡುವವರಿಗಾಗಿ.

ಭಾರತದಿಂದ ವಿದ್ಯಾರ್ಥಿ ವೀಸಾದಲ್ಲಿ ಬರಬೇಕೆನ್ನುವವರಿಗೆ ಪೂರ್ತಿ ಆನ್‌ಲೈನ್ ಕೋರ್ಸ್ ದಾರಿಯಲ್ಲ. ಎಫ್-1 ಎಂಬ ಆ ವೀಸಾದ ನಿಯಮದಲ್ಲಿ ಒಂದು ಟರ್ಮ್‌ಗೆ ಒಂದೇ ಆನ್‌ಲೈನ್ ಕ್ಲಾಸ್, ಅಂದರೆ 3 ಕ್ರೆಡಿಟ್ ಮಾತ್ರ, ಪೂರ್ಣ ಓದಿನ ಲೆಕ್ಕಕ್ಕೆ ಸೇರುತ್ತದೆ.

ಬೆಂಗಳೂರಿನಲ್ಲಿ ಕೂತು ಸೇರುವ ಯೋಚನೆಯಿದ್ದರೆ ಇನ್ನೂ ಎಚ್ಚರ ಬೇಕು. ಎಡ್‌ಟೆಕ್ ಕಂಪನಿಗಳು ವಿದೇಶಿ ವಿಶ್ವವಿದ್ಯಾಲಯಗಳ ಜೊತೆ ಸೇರಿ ಮಾರುವ ಆನ್‌ಲೈನ್ ಪಿಎಚ್‌ಡಿಗೆ ಮಾನ್ಯತೆ ಇಲ್ಲವೆಂದು ಯುಜಿಸಿ ಮತ್ತು ಎಐಸಿಟಿಇ 2022ರ ಅಕ್ಟೋಬರ್‌ನಲ್ಲಿ ಒಟ್ಟಾಗಿ ಸಾರ್ವಜನಿಕ ಎಚ್ಚರಿಕೆ ಕೊಟ್ಟಿವೆ. ಮುಂದೆ ಕರ್ನಾಟಕದ ಕಾಲೇಜಿನಲ್ಲಿ ಸಹಾಯಕ ಪ್ರಾಧ್ಯಾಪಕರಾಗುವ ಆಸೆ ಇದ್ದರೆ ಊರಿನ ಹತ್ತಿರದ ವಿಶ್ವವಿದ್ಯಾಲಯದಲ್ಲಿ ಪಾರ್ಟ್‌ಟೈಮ್ ಪಿಎಚ್‌ಡಿ ಮಾಡಿ. ನಿಯಮದಲ್ಲಿ ಅದಕ್ಕೆ ಅವಕಾಶವಿದೆ, ಕೆಲಸ ಕೊಟ್ಟವರಿಂದ ಎನ್‌ಒಸಿ ಬೇಕಾಗುತ್ತದೆ.

ಎರಡನೇ ಹೆಜ್ಜೆ: ಅಡ್ಜಂಕ್ಟ್ ಅಂದರೆ ಏನೆಂದು ತಿಳಿದುಕೊಳ್ಳಿ

ನಮ್ಮ ಸರ್ಕಾರಿ ಪದವಿ ಕಾಲೇಜುಗಳ ಅತಿಥಿ ಉಪನ್ಯಾಸಕರನ್ನು ನೆನಪಿಸಿಕೊಳ್ಳಿ. ಪಾಠದಲ್ಲಿ ಯಾರಿಗೂ ಕಡಿಮೆಯಿಲ್ಲ, ಆದರೆ ಮುಂದಿನ ವರ್ಷ ಕೆಲಸ ಇದೆಯೋ ಇಲ್ಲವೋ ಅವರಿಗೇ ಗೊತ್ತಿರುವುದಿಲ್ಲ. ಅಮೆರಿಕದ ಅಡ್ಜಂಕ್ಟ್ ಅಧ್ಯಾಪಕರ ಸ್ಥಿತಿ ಹೆಚ್ಚುಕಡಿಮೆ ಅದೇ. ಒಂದು ಕೋರ್ಸಿಗೆ ಇಷ್ಟು, ಅಥವಾ ಒಬ್ಬ ಥೀಸಿಸ್ ವಿದ್ಯಾರ್ಥಿಗೆ ಟರ್ಮ್‌ಗೆ ಇಷ್ಟು ಎಂದು ಹಣ ಕೊಡುತ್ತಾರೆ. ಒಬ್ಬರು ಎರಡು ಮೂರು ವಿಶ್ವವಿದ್ಯಾಲಯಗಳಲ್ಲಿ ದುಡಿಯುವುದು ಅಲ್ಲಿ ಮಾಮೂಲು.

ಕೋರ್ಸಿನ ಪಾಠ ಎಂಟು ಹತ್ತು ವಾರಕ್ಕೆ ಮುಗಿಯುತ್ತದೆ, ಅಷ್ಟಕ್ಕೆ ಈ ವ್ಯವಸ್ಥೆ ಹೇಗೋ ನಡೆಯುತ್ತದೆ. ಥೀಸಿಸ್ ಹಾಗಲ್ಲ. ಎರಡು, ಮೂರು, ಕೆಲವೊಮ್ಮೆ ನಾಲ್ಕು ವರ್ಷ ಒಬ್ಬರೇ ನಿಮ್ಮ ಜೊತೆಗಿರಬೇಕು. ನೀವು ಮೊದಲ ವರ್ಷ ಏನು ಬರೆದಿರಿ, ಯಾಕೆ ಬಿಟ್ಟಿರಿ, ಯಾರ ಮಾತಿಗೆ ಪ್ರಶ್ನಾವಳಿ ಬದಲಾಯಿತು ಎಂಬುದೆಲ್ಲ ಅವರ ತಲೆಯಲ್ಲಿರಬೇಕು. ಅವರು ಹೋದರೆ ಅದೂ ಅವರ ಜೊತೆಗೇ ಹೋಗುತ್ತದೆ.

ಭಾರತದ ನಿಯಮ ಈ ವಿಷಯದಲ್ಲಿ ಬಿಗಿಯಾಗಿದೆ. 2022ರ ಯುಜಿಸಿ ಪಿಎಚ್‌ಡಿ ನಿಯಮಾವಳಿಯ ಪ್ರಕಾರ ಖಾಯಂ ಅಧ್ಯಾಪಕರಿಗೆ ಮಾತ್ರ ಗೈಡ್‌ಶಿಪ್. ಅಡ್ಜಂಕ್ಟ್ ಆದವರು ಸಹ-ಮಾರ್ಗದರ್ಶಕರಷ್ಟೇ ಆಗಬಹುದು. ಪ್ರೊಫೆಸರ್ ಒಮ್ಮೆಗೆ 8, ಅಸೋಸಿಯೇಟ್ ಪ್ರೊಫೆಸರ್ 6, ಅಸಿಸ್ಟೆಂಟ್ ಪ್ರೊಫೆಸರ್ 4 ವಿದ್ಯಾರ್ಥಿಗಳಿಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಉಳಿದವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಈ ನಿಯಮ ನಮ್ಮಲ್ಲಿ ಎಲ್ಲ ಕಡೆ ಚೆನ್ನಾಗಿ ನಡೆಯುತ್ತಿದೆ ಎನ್ನಲಾರೆ. ಖಾಯಂ ಗೈಡ್ ಇದ್ದೂ ವರ್ಷಗಟ್ಟಲೆ ಸಹಿಗಾಗಿ ಕಾರಿಡಾರಿನಲ್ಲಿ ಕಾದವರನ್ನು ಬಲ್ಲೆ. ಆದರೆ ಅಮೆರಿಕದಲ್ಲಿ ಒಬ್ಬ ಗೈಡ್‌ಗೆ ಇಷ್ಟೇ ವಿದ್ಯಾರ್ಥಿಗಳು ಎನ್ನುವ ಇಂಥ ಕೇಂದ್ರ ನಿಯಮವೇ ಇಲ್ಲ. ಪ್ರತಿ ವಿಶ್ವವಿದ್ಯಾಲಯದ್ದು ಅದರದೇ ಲೆಕ್ಕ. ಆದ್ದರಿಂದ ಆ ಲೆಕ್ಕ ಕೇಳುವ ಕೆಲಸ ನಿಮ್ಮ ಮೇಲೆಯೇ ಬೀಳುತ್ತದೆ.

ಪೂರ್ಣಾವಧಿ ಎಂಬ ಮಾತಿಗೂ ಮೋಸಹೋಗಬೇಡಿ. ಪೂರ್ಣಾವಧಿ ಗೈಡ್‌ಗೆ 25 ವಿದ್ಯಾರ್ಥಿಗಳಿದ್ದರೆ, ಪ್ರತಿಯೊಬ್ಬರಿಗೆ ಎರಡು ವಾರಕ್ಕೆ ಒಂದು ಗಂಟೆ ಕೊಟ್ಟರೂ ವಾರಕ್ಕೆ ಹನ್ನೆರಡೂವರೆ ಗಂಟೆ ಬರೀ ಮಾತಿಗೆ ಬೇಕು. ಅಧ್ಯಾಯ ಓದುವುದು ಯಾವಾಗ? ಇಬ್ಬರನ್ನೇ ಇಟ್ಟುಕೊಂಡ ಅಡ್ಜಂಕ್ಟ್ ಇವರಿಗಿಂತ ಒಳ್ಳೆಯ ಗೈಡ್ ಆಗಬಹುದು. ಹಾಗಾಗಿ ಹುದ್ದೆಯ ಹೆಸರನ್ನೂ ವಿದ್ಯಾರ್ಥಿಗಳ ಸಂಖ್ಯೆಯನ್ನೂ ಒಟ್ಟಿಗೇ ನೋಡಿ.

ಮೂರನೇ ಹೆಜ್ಜೆ: ಕಾಲೇಜ್ ನ್ಯಾವಿಗೇಟರ್

ಇದು ಅಮೆರಿಕದ ರಾಷ್ಟ್ರೀಯ ಶಿಕ್ಷಣ ಅಂಕಿಅಂಶ ಕೇಂದ್ರ ನಡೆಸುವ ಉಚಿತ ಸೈಟು. ವಿಶ್ವವಿದ್ಯಾಲಯದ ಹೆಸರು ಹಾಕಿ, ಸಾಮಾನ್ಯ ಮಾಹಿತಿಯ ಭಾಗವನ್ನು ಬಿಡಿಸಿ. ಪೂರ್ಣಾವಧಿ ಅಧ್ಯಾಪಕರೆಷ್ಟು, ಅರೆಕಾಲಿಕರೆಷ್ಟು ಎಂಬ ಪಟ್ಟಿ ಸಿಗುತ್ತದೆ. ಎರಡೂ ಸಂಖ್ಯೆ ಬರೆದುಕೊಳ್ಳಿ. ಅರೆಕಾಲಿಕರು ಪೂರ್ಣಾವಧಿಯವರ ಹತ್ತು ಪಟ್ಟು ಇದ್ದರೆ ನಿಮಗೂ ಅವರಲ್ಲೊಬ್ಬರೇ ಗೈಡ್ ಆಗುವ ಸಾಧ್ಯತೆ ಹೆಚ್ಚು. ಇದು ಇಡೀ ವಿಶ್ವವಿದ್ಯಾಲಯದ ಲೆಕ್ಕ, ನಿಮ್ಮ ವಿಭಾಗದ್ದಲ್ಲ. ಅಲ್ಲೇ ಕಾಣುವ ವಿದ್ಯಾರ್ಥಿ-ಅಧ್ಯಾಪಕ ಅನುಪಾತ ಒಬ್ಬ ಗೈಡ್‌ಗೆ ಎಷ್ಟು ಥೀಸಿಸ್ ಎಂದು ಹೇಳುವುದಿಲ್ಲ, ಅದನ್ನು ಬಿಟ್ಟುಬಿಡಿ.

ನಾಲ್ಕನೇ ಹೆಜ್ಜೆ: ಮುಗಿದ ಥೀಸಿಸ್‌ಗಳ ಮೊದಲ ಪುಟಗಳನ್ನು ಓದಿ

ಇಡೀ ಲೇಖನದಲ್ಲಿ ಒಂದೇ ಒಂದು ಕೆಲಸ ಮಾಡುತ್ತೀರಾದರೆ ಇದನ್ನು ಮಾಡಿ. ಒಂದು ಶನಿವಾರ ಸಾಕು.

ಭಾರತದ ಥೀಸಿಸ್‌ಗಳಿಗೆ ಶೋಧಗಂಗಾ ಇರುವ ಹಾಗೆ ಅಮೆರಿಕದ ಥೀಸಿಸ್‌ಗಳಿಗೆ ಪ್ರೊಕ್ವೆಸ್ಟ್ ಎಂಬ ದೊಡ್ಡ ಸಂಗ್ರಹವಿದೆ. ಅದಕ್ಕೆ ಚಂದಾ ಬೇಕು, ಆದರೆ ಯಾವುದಾದರೂ ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ಕೂತು ನೋಡಬಹುದು. ಅನೇಕ ಆನ್‌ಲೈನ್ ವಿಶ್ವವಿದ್ಯಾಲಯಗಳು ತಮ್ಮ ಥೀಸಿಸ್‌ಗಳನ್ನು ಸ್ವಂತ ಭಂಡಾರದಲ್ಲೂ ಉಚಿತವಾಗಿ ಇಟ್ಟಿವೆ. ವಾಲ್ಡನ್‌ನದು ಸ್ಕಾಲರ್‌ವರ್ಕ್ಸ್, ಲಿಬರ್ಟಿ ವಿಶ್ವವಿದ್ಯಾಲಯದ್ದು ಸ್ಕಾಲರ್ಸ್ ಕ್ರಾಸಿಂಗ್.

ನೀವು ಸೇರಬೇಕೆಂದಿರುವ ವಿಭಾಗದ ಕಳೆದ ಎರಡು ವರ್ಷದ ಇಪ್ಪತ್ತು ಥೀಸಿಸ್ ತೆಗೆಯಿರಿ. ಒಪ್ಪಿಗೆಯ ಪುಟದಲ್ಲಿ ಗೈಡ್ ಹೆಸರಿರುತ್ತದೆ. ಅಮೆರಿಕದಲ್ಲಿ ಗೈಡ್‌ಗೆ ಚೇರ್ ಎನ್ನುತ್ತಾರೆ, ಜೊತೆಗೆ ಸಮಿತಿಯ ಇನ್ನೊಬ್ಬರೋ ಇಬ್ಬರೋ ಇರುತ್ತಾರೆ. ಆ ಇಪ್ಪತ್ತು ಹೆಸರುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದು, ವಿಭಾಗದ ಪುಟದಲ್ಲಿ ಅವರ ಹುದ್ದೆ ಹುಡುಕಿ. ಅಲ್ಲಿ ಸಿಗದಿದ್ದರೆ ಲಿಂಕ್ಡ್‌ಇನ್‌ನಲ್ಲಿ ನೋಡಿ. ಮೂರು ಸಂಗತಿ ಕಣ್ಣಿಗೆ ಬೀಳುತ್ತವೆ.

ಒಂದು, ಜಾಹೀರಾತಿನಲ್ಲಿ ಫೋಟೋ ಇರುವ ದೊಡ್ಡ ಪ್ರೊಫೆಸರ್‌ಗಳ ಹೆಸರು ಈ ಇಪ್ಪತ್ತರಲ್ಲಿ ಎಷ್ಟು ಸಲ ಬಂದಿದೆ. ಎರಡು, ಗೈಡ್‌ಗಳಲ್ಲಿ ಎಷ್ಟು ಜನ ಈಗಲೂ ಅಲ್ಲಿದ್ದಾರೆ. ಎರಡು ವರ್ಷದ ಹಿಂದೆ ಸಹಿ ಹಾಕಿದವರಲ್ಲಿ ಅರ್ಧ ಜನ ಈಗ ಬೇರೆಡೆ ಇದ್ದರೆ ನಿಮಗೂ ಹಾಗೇ ಆಗಬಹುದು. ಮೂರು, ಒಬ್ಬರೇ ಆ ಇಪ್ಪತ್ತರಲ್ಲಿ ಎಂಟಕ್ಕೆ ಗೈಡ್ ಆಗಿದ್ದಾರಾ. ಆಗಿದ್ದರೆ ಒಳ್ಳೆಯದೂ ಇರಬಹುದು, ಕೆಟ್ಟದೂ ಇರಬಹುದು. ವಿದ್ಯಾರ್ಥಿಗಳನ್ನು ದಡ ಮುಟ್ಟಿಸುವವರೋ, ಕಣ್ಣುಮುಚ್ಚಿ ಸಹಿ ಹಾಕುವವರೋ ತಿಳಿಯಲು ಆ ಎಂಟರಲ್ಲಿ ಎರಡನ್ನು ತೆರೆದು ಸಂಶೋಧನಾ ವಿಧಾನದ ಅಧ್ಯಾಯಗಳನ್ನು ಪಕ್ಕಪಕ್ಕ ಇಟ್ಟು ಓದಿ. ವಾಕ್ಯಗಳು ಅಚ್ಚು ಹಾಕಿದಂತೆ ಒಂದೇ ಆಗಿದ್ದರೆ ಆ ಗೈಡ್ ಬೇಡ.

ಕೃತಜ್ಞತೆಯ ಪುಟವನ್ನೂ ಓದಿ. ಗೈಡ್ ಬದಲಾದ ಕಥೆ ಜನ ಅಲ್ಲಿ ಹೇಳಿಕೊಂಡಿರುತ್ತಾರೆ. 'ಕೊನೆಯ ಹಂತದಲ್ಲಿ ನನ್ನನ್ನು ಕೈಹಿಡಿದವರು' ಎಂಬ ಸಾಲು ಕಂಡರೆ ಮೊದಲ ಹಂತದಲ್ಲಿ ಇದ್ದವರು ಬೇರೆ ಎಂದು ಅರ್ಥ.

ಐದನೇ ಹೆಜ್ಜೆ: ಇಮೇಲ್‌ನಲ್ಲಿ ಕೇಳಿ, ಇಮೇಲ್‌ನಲ್ಲೇ ಉತ್ತರ ಪಡೆಯಿರಿ

ಪ್ರವೇಶ ಸಲಹೆಗಾರರು ಫೋನಿನಲ್ಲಿ ಬಹಳ ಸಿಹಿಯಾಗಿ ಮಾತಾಡುತ್ತಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ, ಅದು ಅವರ ಕೆಲಸ. ಆದರೆ ಫೋನಿನ ಮಾತು ನಾಲ್ಕು ವರ್ಷ ಉಳಿಯುವುದಿಲ್ಲ. ಈ ಪ್ರಶ್ನೆಗಳನ್ನು ಬರೆದು ಕಳಿಸಿ:

- ಕಳೆದ ವರ್ಷ ಈ ಕೋರ್ಸಿನಲ್ಲಿ ಮುಗಿದ ಥೀಸಿಸ್‌ಗಳಲ್ಲಿ ಎಷ್ಟಕ್ಕೆ ಪೂರ್ಣಾವಧಿ ಅಧ್ಯಾಪಕರು ಗೈಡ್ ಆಗಿದ್ದರು?
- ಒಬ್ಬ ಗೈಡ್‌ಗೆ ಒಮ್ಮೆಗೆ ಗರಿಷ್ಠ ಎಷ್ಟು ವಿದ್ಯಾರ್ಥಿಗಳು? ಇದು ಲಿಖಿತ ನಿಯಮವೇ?
- ಗೈಡ್ ಯಾವ ಹಂತದಲ್ಲಿ ಸಿಗುತ್ತಾರೆ? ಅವರನ್ನು ನಾನು ಆರಿಸಬಹುದೇ, ನೀವೇ ಕೊಡುತ್ತೀರಾ?
- ಕಳಿಸಿದ ಅಧ್ಯಾಯವನ್ನು ಎಷ್ಟು ದಿನದೊಳಗೆ ಓದಿ ವಾಪಸ್ ಕೊಡಬೇಕು? ತಡವಾದರೆ ಏನು ಮಾಡುತ್ತೀರಿ?
- ಗೈಡ್ ಬಿಟ್ಟುಹೋದರೆ ಹೊಸಬರು ಸಿಗುವವರೆಗಿನ ಟರ್ಮ್‌ನ ಫೀಸ್ ಯಾರದು?
- ಸೇರಿದವರಲ್ಲಿ ಎಷ್ಟು ಜನ ಪದವಿ ಪಡೆದರು, ಸಾಮಾನ್ಯವಾಗಿ ಎಷ್ಟು ವರ್ಷದಲ್ಲಿ?

ಉತ್ತರ ಬರುವ ರೀತಿಯಲ್ಲೇ ಬಹಳ ವಿಷಯ ಸಿಗುತ್ತದೆ. 'ನಮ್ಮ ಅಧ್ಯಾಪಕರಲ್ಲಿ ಬಹುತೇಕರು ಡಾಕ್ಟರೇಟ್ ಪಡೆದವರು' ಎಂದು ಬರೆದರೆ ಮೊದಲ ಪ್ರಶ್ನೆಗೆ ಉತ್ತರ ಕೊಟ್ಟಿಲ್ಲ. ಮತ್ತೊಮ್ಮೆ ಕೇಳಿ. ಎರಡನೇ ಸಲವೂ ಸಂಖ್ಯೆ ಬರದಿದ್ದರೆ ನಾನಾದರೆ ಮುಂದಿನ ವಿಶ್ವವಿದ್ಯಾಲಯಕ್ಕೆ ಹೋಗುತ್ತೇನೆ. ಇಷ್ಟೂ ಪ್ರಶ್ನೆಗಳಿಗೆ ವಿಭಾಗದ ಮುಖ್ಯಸ್ಥರಿಂದಲೇ ನೇರ ಉತ್ತರ ಬಂದರೆ ಅಂಥ ಕಡೆ ಫೀಸ್ ಸ್ವಲ್ಪ ಹೆಚ್ಚಿದ್ದರೂ ಸೇರಿ ಎನ್ನುತ್ತೇನೆ.

ಕ್ಯಾಂಪಸ್ ಇರುವ ಹಳೆಯ ವಿಶ್ವವಿದ್ಯಾಲಯಗಳ ಆನ್‌ಲೈನ್ ಇಡಿಡಿಗಳನ್ನೂ ಪಟ್ಟಿಗೆ ಹಾಕಿಕೊಳ್ಳಿ. ಜಾನ್ಸ್ ಹಾಪ್ಕಿನ್ಸ್, ವ್ಯಾಂಡರ್‌ಬಿಲ್ಟ್, ಅರಿಜೋನಾ ಸ್ಟೇಟ್ ಇವೆಲ್ಲ ನಡೆಸುತ್ತವೆ. ವ್ಯಾಂಡರ್‌ಬಿಲ್ಟ್‌ನಲ್ಲಿ ಒಂಟಿಯಾಗಿ ಬರೆಯುವ ಥೀಸಿಸ್ ಬದಲು ಒಂದು ಸಂಸ್ಥೆಯ ನಿಜವಾದ ಸಮಸ್ಯೆಯ ಮೇಲೆ ಕ್ಯಾಪ್‌ಸ್ಟೋನ್ ಮಾಡಿಸುತ್ತಾರೆ. ಇಂಥ ಕಡೆ ಸೀಟು ಕಡಿಮೆ, ಅರ್ಜಿ ಹಾಕಿದವರಿಗೆಲ್ಲ ಸಿಗುವುದಿಲ್ಲ. ಆದರೂ ಅರ್ಜಿ ಹಾಕದೆ ನೀವೇ ಹಿಂದೆ ಸರಿಯಬೇಡಿ. ಅಲ್ಲಿಯೂ ಮೇಲಿನ ಆರು ಪ್ರಶ್ನೆ ಕೇಳಿ, ಹೆಸರು ದೊಡ್ಡದೆಂದು ಬಿಡಬೇಡಿ.

ಆರನೇ ಹೆಜ್ಜೆ: ಫೀಸನ್ನು ಗೈಡ್‌ನ ಗಡಿಯಾರದಲ್ಲಿ ಲೆಕ್ಕ ಹಾಕಿ

ಕೋರ್ಸ್‌ವರ್ಕ್ ಮುಗಿದು ಥೀಸಿಸ್ ಮುಗಿಯದವರು ಪ್ರತಿ ಟರ್ಮ್ ಫೀಸ್ ಕಟ್ಟುತ್ತಲೇ ಇರಬೇಕು. ಇದಕ್ಕೆ ಕಂಟಿನ್ಯುಯೇಷನ್ ಕೋರ್ಸ್ ಎಂದು ಹೆಸರು. ಅಮೆರಿಕದ ಶಿಕ್ಷಣ ಇಲಾಖೆ 2023ರ ಅಕ್ಟೋಬರ್ 31ರಂದು ಗ್ರ್ಯಾಂಡ್ ಕ್ಯಾನಿಯನ್ ವಿಶ್ವವಿದ್ಯಾಲಯಕ್ಕೆ 37.7 ಮಿಲಿಯನ್ ಡಾಲರ್ ದಂಡ ಹಾಕಿದ್ದು ಈ ಕಾರಣಕ್ಕೇ. ಜಾಹೀರಾತಿನಲ್ಲಿ ಹೇಳಿದ ವೆಚ್ಚದೊಳಗೆ ಡಾಕ್ಟರೇಟ್ ಮುಗಿಸಿದವರು ಪದವಿ ಪಡೆದವರಲ್ಲಿ ಶೇ 2ಕ್ಕಿಂತ ಕಡಿಮೆ ಎಂಬುದು ಇಲಾಖೆಯ ಲೆಕ್ಕವಾಗಿತ್ತು. ವಿಶ್ವವಿದ್ಯಾಲಯ ಆರೋಪವನ್ನು ಒಪ್ಪಲಿಲ್ಲ, 2025ರ ಮೇ ತಿಂಗಳಲ್ಲಿ ಇಲಾಖೆಯೇ ದಂಡವನ್ನು ಹಿಂಪಡೆಯಿತು. ವಾಲ್ಡನ್ ವಿಶ್ವವಿದ್ಯಾಲಯದ ಡಿಬಿಎ ವಿದ್ಯಾರ್ಥಿಗಳು ಕೊನೆಯ ಹಂತಕ್ಕೆ ಬೇಕಾಗುವ ಕ್ರೆಡಿಟ್‌ಗಳನ್ನು ಕಡಿಮೆ ಮಾಡಿ ಹೇಳಿದ್ದರೆಂದು 2022ರಲ್ಲಿ ಕೋರ್ಟಿಗೆ ಹೋದರು. ಅದು 2024ರಲ್ಲಿ 28.5 ಮಿಲಿಯನ್ ಡಾಲರ್ ರಾಜಿಯಲ್ಲಿ ಮುಗಿಯಿತು, ವಿಶ್ವವಿದ್ಯಾಲಯ ತಪ್ಪು ಒಪ್ಪಿಕೊಳ್ಳಲಿಲ್ಲ. ಸರಿ ತಪ್ಪು ಯಾರದೇ ಇರಲಿ, ಮುಂಗಡ ಹೇಳುವ ಮೊತ್ತಕ್ಕೂ ಕೊನೆಗೆ ಆಗುವ ಮೊತ್ತಕ್ಕೂ ನಡುವಿನ ಅಂತರ ಹುಟ್ಟುವುದು ಥೀಸಿಸ್ ಹಂತದಲ್ಲಿ.

ಹೇಗೆ ಹುಟ್ಟುತ್ತದೆಂದು ಒಂದು ಟರ್ಮ್ ಇಟ್ಟುಕೊಂಡು ನೋಡೋಣ. ಟರ್ಮ್ 12 ವಾರ. ಗೈಡ್‌ಗೆ ಒಂದು ಅಧ್ಯಾಯ ಓದಲು 14 ದಿನದ ಗಡುವು. ನೀವು ತಿದ್ದಲು ಒಂದು ವಾರ. ಅಂದರೆ ಒಂದು ಸುತ್ತಿಗೆ ಮೂರು ವಾರ, ಒಂದು ಟರ್ಮ್‌ಗೆ ನಾಲ್ಕೇ ಸುತ್ತು. ಗೈಡ್ ಒಪ್ಪಿದ ಮೇಲೆ ಸಮಿತಿಯ ಎರಡನೆಯವರಿಗೂ ಅಷ್ಟೇ ದಿನ. ಬಳಿಕ ಮನುಷ್ಯರ ಮೇಲಿನ ಸಂಶೋಧನೆಗೆ ನೈತಿಕ ಸಮಿತಿಯ, ಅಂದರೆ ಐಆರ್‌ಬಿಯ ಒಪ್ಪಿಗೆ. ಗೈಡ್ ಒಂದೇ ಒಂದು ಸಲ ಮೂರು ವಾರ ತಡಮಾಡಿದರೆ ಕಾಲು ಟರ್ಮ್ ಹೋಯಿತು. ಈ ಲೆಕ್ಕವನ್ನು ನಿಮ್ಮ ವಿಶ್ವವಿದ್ಯಾಲಯದ ಟರ್ಮ್ ಮತ್ತು ಫೀಸಿಗೆ ಹಾಕಿ, ಹೇಳಿದ್ದಕ್ಕಿಂತ ನಾಲ್ಕು ಟರ್ಮ್ ಹೆಚ್ಚಾದರೆ ತಡೆದುಕೊಳ್ಳುತ್ತೀರಾ ನೋಡಿ. ಕಂಪನಿ ಫೀಸ್ ಕೊಡುತ್ತದೆಂದು ನಂಬಿದ್ದರೆ, ಅದರಲ್ಲಿ ವರ್ಷಕ್ಕೆ 5,250 ಡಾಲರ್‌ವರೆಗೆ ಮಾತ್ರ ತೆರಿಗೆ ಇಲ್ಲ ಎಂಬುದೂ ನೆನಪಿರಲಿ.

ಏಳನೇ ಹೆಜ್ಜೆ: ಕೋರ್ಸ್‌ವರ್ಕ್ ನಡೆಯುವಾಗಲೇ ಗೈಡ್ ಹುಡುಕಿ

ಥೀಸಿಸ್ ಹಂತಕ್ಕೆ ಬಂದ ಮೇಲೆ ಹುಡುಕಿದರೆ ಖಾಲಿ ಇರುವವರಷ್ಟೇ ಸಿಗುತ್ತಾರೆ. ಎರಡನೇ ವರ್ಷದಲ್ಲೇ, ನಿಮ್ಮ ಅಸೈನ್‌ಮೆಂಟಿಗೆ ಅಂಚಿನಲ್ಲಿ ನಾಲ್ಕು ಸಾಲು ಪ್ರಶ್ನೆ ಬರೆದು ಕಳಿಸುವ ಅಧ್ಯಾಪಕರು ಯಾರೆಂದು ಗುರುತು ಮಾಡಿಕೊಳ್ಳಿ. ಚೆನ್ನಾಗಿದೆ ಎಂದಷ್ಟೇ ಬರೆಯುವವರು ಥೀಸಿಸ್‌ಗೂ ಅಷ್ಟೇ ಬರೆಯುತ್ತಾರೆ. ಪ್ರಶ್ನೆ ಬರೆದು ಕಳಿಸಿದ ಅಧ್ಯಾಪಕರಿಗೆ ಪತ್ರ ಬರೆದು ಮಾತಾಡಲು ಹದಿನೈದು ನಿಮಿಷ ಕೇಳಿ. ನಮ್ಮವರಿಗೆ ಇಲ್ಲಿ ಒಂದು ಸಂಕೋಚ ಇರುತ್ತದೆ. ಮೇಷ್ಟ್ರಿಗೆ 'ನೀವು ಖಾಯಂ ಅಧ್ಯಾಪಕರಾ, ಈಗ ಎಷ್ಟು ವಿದ್ಯಾರ್ಥಿಗಳಿದ್ದಾರೆ' ಎಂದು ಕೇಳುವುದು ಅಧಿಕಪ್ರಸಂಗ ಅನಿಸುತ್ತದೆ. ಅಮೆರಿಕದಲ್ಲಿ ಅದನ್ನು ಯಾರೂ ತಪ್ಪು ತಿಳಿಯುವುದಿಲ್ಲ, ಕೇಳಿದವರನ್ನು ಗಂಭೀರವಾಗಿ ಓದುವವರೆಂದೇ ತಿಳಿಯುತ್ತಾರೆ.

ನಿಮ್ಮ ವಿಷಯವನ್ನು ಅವರ ಸಂಶೋಧನಾ ವಿಧಾನಕ್ಕೆ ಹೊಂದಿಸಿ. ಸಂದರ್ಶನ ಆಧರಿಸಿ ಕೆಲಸ ಮಾಡುವ ಗೈಡ್ ಬಳಿ ದೊಡ್ಡ ಅಂಕಿಅಂಶದ ಥೀಸಿಸ್ ಒಯ್ದರೆ ಇಬ್ಬರಿಗೂ ಕಷ್ಟ.

ಎಂಟನೇ ಹೆಜ್ಜೆ: ಪ್ರತಿ ಮಾತನ್ನೂ ಬರೆದಿಡಿ

ಪ್ರತಿ ಜೂಮ್ ಕರೆ ಮುಗಿದ ದಿನವೇ ಗೈಡ್‌ಗೆ ಆರು ಸಾಲಿನ ಇಮೇಲ್ ಹಾಕಿ: ಏನು ತೀರ್ಮಾನವಾಯಿತು, ಯಾಕೆ, ಮುಂದಿನ ಡ್ರಾಫ್ಟ್ ಎಂದು ಕಳಿಸುತ್ತೇನೆ, ಅದು ಎಂದು ವಾಪಸ್ ಬರುತ್ತದೆ. ತಪ್ಪಿದ್ದರೆ ತಿದ್ದಿ ಎಂದು ಕೊನೆಗೆ ಸೇರಿಸಿ. ಡ್ರಾಫ್ಟ್‌ಗಳಿಗೆ ದಿನಾಂಕ ಹಾಕಿ ಉಳಿಸಿ, ಹಳೆಯದರ ಮೇಲೆಯೇ ತಿದ್ದಬೇಡಿ. ಗೈಡ್‌ನ ಟಿಪ್ಪಣಿಗಳಿರುವ ಫೈಲನ್ನು ಸ್ವಂತ ಕಂಪ್ಯೂಟರ್‌ನಲ್ಲೂ ಇಟ್ಟುಕೊಳ್ಳಿ. ನನ್ನ ಮೊದಲ ಗೈಡ್ ಹೋದಾಗ ಅವರ ಟಿಪ್ಪಣಿಗಳು ವಿಶ್ವವಿದ್ಯಾಲಯದ ಸೈಟಿನಲ್ಲಿ ನನಗೆ ಮತ್ತೆ ತೆರೆಯಲೇ ಇಲ್ಲ.

ಗಡುವು ದಾಟಿದ ಮೂರನೇ ದಿನ ವಿನಯದಿಂದ ನೆನಪಿಸಿ. ಏಳನೇ ದಿನ ವಿಭಾಗದ ಮುಖ್ಯಸ್ಥರಿಗೂ ಪ್ರತಿ ಹಾಕಿ.

ಒಂಬತ್ತನೇ ಹೆಜ್ಜೆ: ಗೈಡ್ ಬಿಟ್ಟುಹೋದರೆ

ಸುದ್ದಿ ಬಂದ ವಾರವೇ ಮೂರು ಕೆಲಸ ಮಾಡಿ. ಹೋಗುತ್ತಿರುವವರಿಂದ, ನಿಮ್ಮ ಯಾವ ಅಧ್ಯಾಯಗಳನ್ನು ಅವರು ಒಪ್ಪಿದ್ದಾರೆಂದು ಎರಡು ಸಾಲಿನ ಇಮೇಲ್ ಕೇಳಿ ಪಡೆಯಿರಿ. ಹೋದ ಮೇಲೆ ಅವರ ಯೂನಿವರ್ಸಿಟಿ ಇಮೇಲ್ ಮುಚ್ಚಿರುತ್ತದೆ. ಆಮೇಲೆ ವಿಭಾಗಕ್ಕೆ ಬರೆದು ಹೊಸ ಗೈಡ್ ಸಿಗುವವರೆಗಿನ ಟರ್ಮ್‌ನ ಫೀಸ್ ಮನ್ನಾ ಮಾಡಲು ಕೇಳಿ. ಕೇಳಿದವರಿಗೆಲ್ಲ ಸಿಗುತ್ತದೆಂದು ಹೇಳಲಾರೆ. ಮೊದಲ ಸಲ ನಾನು ಕೇಳಲಿಲ್ಲ, ಪೂರ್ತಿ ಕಟ್ಟಿದೆ. ಎರಡನೇ ಸಲ ಕೇಳಿದೆ, ಅರ್ಧ ಬಿಟ್ಟರು.

ಮೂರನೆಯದು, ಹೊಸ ಗೈಡ್‌ಗೆ ಒಂದೇ ಪುಟದ ಪತ್ರ. ಸಂಶೋಧನೆಯ ಪ್ರಶ್ನೆ ಒಂದು ಸಾಲಿನಲ್ಲಿ, ವಿಧಾನ ಒಂದು ಸಾಲಿನಲ್ಲಿ, ಒಪ್ಪಿಗೆಯಾದ ಅಧ್ಯಾಯಗಳು ದಿನಾಂಕದೊಂದಿಗೆ, ಐಆರ್‌ಬಿ ಯಾವ ಹಂತದಲ್ಲಿದೆ, ಬದಲಾಯಿಸಲು ನೀವು ಸಿದ್ಧವಿರುವುದೇನು, ಸಿದ್ಧವಿಲ್ಲದ್ದೇನು. ಈ ಕೊನೆಯದನ್ನು ಬರೆಯಲು ಹಿಂಜರಿಯಬೇಡಿ. ಐಆರ್‌ಬಿ ಒಪ್ಪಿದ ಪ್ರಶ್ನಾವಳಿ ಬದಲಾದರೆ ಆ ಒಪ್ಪಿಗೆಗೂ ಮತ್ತೆ ಹೋಗಬೇಕಾಗುತ್ತದೆಂದು ಅವರಿಗೂ ಗೊತ್ತು.

ಆ ಆಟೋಮ್ಯಾಟಿಕ್ ಇಮೇಲ್ ಬಂದ ರಾತ್ರಿ ನಾನು ಇಂಥದೇ ಒಂದು ಪುಟ ಬರೆದು ಮೂರನೇ ಗೈಡ್‌ಗೆ ಕಳಿಸಿದೆ. ಅವರು ಅಲ್ಲಿ ಪೂರ್ಣಾವಧಿಯಲ್ಲಿದ್ದರು, ಆಗ ಅವರ ಬಳಿ ಐದು ವಿದ್ಯಾರ್ಥಿಗಳಿದ್ದರು. ಮರುದಿನ ಬೆಳಿಗ್ಗೆ ಉತ್ತರ ಬಂತು: ಒಪ್ಪಿಗೆಯಾದ ಮೂರು ಅಧ್ಯಾಯಗಳನ್ನು ಮುಟ್ಟುವುದಿಲ್ಲ, ನಾಲ್ಕನೆಯದನ್ನು ಶುಕ್ರವಾರದೊಳಗೆ ಕಳಿಸಿ, ಸೋಮವಾರ ಮಾತಾಡೋಣ.